ಕಾರ್ಯಕ್ರಮ ಮುಗಿದ ಮೇಲೆ ಗೋಡೆ ಬೆವರುವುದೇಕೆ?

ಕಡಲ ದಂಡೆಯ ಹಳೇ ಮನೆಯೊಂದು ಮ್ಯೂಸಿಯಂ ಆಯಿತೆಂದರೆ ಅದಕ್ಕೆ ಇಬ್ಬರು ಯಜಮಾನರು ಹುಟ್ಟಿಕೊಳ್ಳುತ್ತಾರೆ. ಒಬ್ಬರಿಗೆ ಮನೆ ತುಂಬ ಜನ ಬೇಕು. ಸಂಗೀತ, ಉಪನ್ಯಾಸ, ಮಕ್ಕಳ ಶಿಬಿರ, ವರ್ಷಕ್ಕೊಂದು ದೊಡ್ಡ ಸಮಾರಂಭ. ಇನ್ನೊಬ್ಬರಿಗೆ ಕದ ಹಾಕಿ, ಪರದೆ ಎಳೆದು, ಸಾಮಾನುಗಳನ್ನು ಅವುಗಳ ಪಾಡಿಗೆ ಬಿಟ್ಟರೆ ನೆಮ್ಮದಿ. ಜನ ಬಾರದ ಮನೆಗೆ ದುಡ್ಡೂ ಇಲ್ಲ, ದಿಕ್ಕೂ ಇಲ್ಲ ಎಂದು ಮೊದಲನೆಯವರು. ಜನ ಬಂದ ಮನೆ ಉಳಿಯುವುದಿಲ್ಲ ಎಂದು ಎರಡನೆಯವರು. ಇಬ್ಬರೂ ಸರಿ ಎನ್ನುವುದು ಸುಲಭ. ಆದರೆ ಎಂಥ ಕಾರ್ಯಕ್ರಮ, ಎಷ್ಟು ಜನ, ಯಾವ ಹೊತ್ತು ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ಗೋಡೆಯೊಳಗಿನ ಉಪ್ಪಿನಲ್ಲಿ.

ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ಹಾಕುವುದನ್ನು ಮರೆತವರಿಗೆ ಇದರ ಅರ್ಧ ಪಾಠ ಗೊತ್ತೇ ಇದೆ. ಗಾಳಿಯ ಸಾಪೇಕ್ಷ ತೇವಾಂಶ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಈಗ ಎಷ್ಟು ಪಾಲು ಇದೆ ಎಂಬುದು) ಸುಮಾರು ಶೇ. 75 ದಾಟಿತೆಂದರೆ ಸೋಡಿಯಂ ಕ್ಲೋರೈಡ್ ಗಾಳಿಯ ನೀರನ್ನೇ ಹೀರಿಕೊಂಡು ಕರಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಮತ್ತೆ ಹರಳಾಗುತ್ತದೆ. ಡಬ್ಬಿಯಲ್ಲಾದರೆ ಗಂಟು ಕಟ್ಟುತ್ತದೆ, ಅಷ್ಟೇ. ಗೋಡೆಯ ಸಣ್ಣ ರಂಧ್ರದೊಳಗೆ ಹರಳು ಬೆಳೆದರೆ ರಂಧ್ರದ ಮೈಯನ್ನು ಒತ್ತುತ್ತದೆ. ಒಂದು ಸಲ ಒತ್ತಿದರೆ ಏನೂ ಕಾಣದು. ನೂರು ಸಲ ಕರಗಿ ನೂರು ಸಲ ಹರಳುಗಟ್ಟಿದರೆ ಗಿಲಾವು ಹುಡಿಯಾಗಿ ಉದುರುತ್ತದೆ, ಕಲ್ಲಿನ ಮುಖ ಸಿಪ್ಪೆಯಂತೆ ಏಳುತ್ತದೆ. ತಲೆಮಾರುಗಳಿಂದ ಗೋಡೆ ಕುಡಿದ ಉಪ್ಪನ್ನು ಪೂರ್ತಿ ಹೊರತೆಗೆಯಲು ಯಾರಿಂದಲೂ ಆಗದು. ಕೈಯಲ್ಲಿರುವುದು ಒಂದೇ: 75ರ ಗೆರೆ ದಾಟುವ ಸಲಗಳನ್ನು ಕಡಿಮೆ ಮಾಡುವುದು. ಕಾರ್ಯಕ್ರಮದ ಪ್ರತಿಯೊಂದು ನಿರ್ಧಾರವೂ ಈ ಎಣಿಕೆಯನ್ನು ಒಂದು ಹೆಚ್ಚಿಸುತ್ತದೆ, ಇಲ್ಲವೇ ಹಾಗೇ ಬಿಡುತ್ತದೆ.

(ಸಮುದ್ರದ ಉಪ್ಪೆಂದರೆ ಬರೀ ಸೋಡಿಯಂ ಕ್ಲೋರೈಡ್ ಅಲ್ಲ. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಶೇ. 33ರಷ್ಟು ತೇವಾಂಶದಲ್ಲೂ ನೀರು ಹಿಡಿದುಕೊಂಡೇ ಕೂರುತ್ತದೆ. ಒಣ ದಿನದಲ್ಲೂ ಗೋಡೆಯಲ್ಲಿ ಕಪ್ಪು ತೇವದ ಕಲೆ ಉಳಿಯಲು ಇದೂ ಒಂದು ಕಾರಣ. ಸೋರಿಕೆ ಹುಡುಕುತ್ತ ಮಾಡಿಗೆ ಖರ್ಚು ಮಾಡುವ ಮೊದಲು ಉಪ್ಪಿನ ಮೇಲೆ ಅನುಮಾನ ಪಡಿ.)

ಈಗ ಒಂದು ಲೆಕ್ಕ. 8 ಮೀಟರ್ ಉದ್ದ, 6 ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಪಡಸಾಲೆ ಎಂದಿಟ್ಟುಕೊಳ್ಳಿ. 168 ಘನ ಮೀಟರ್ ಗಾಳಿ. ಉಷ್ಣತೆ 26 ಡಿಗ್ರಿ, ತೇವಾಂಶ ಶೇ. 65. ಇಲ್ಲಿಂದ 75ಕ್ಕೆ ಏರಲು ಈ ಕೋಣೆಯ ಗಾಳಿಗೆ ಬೇಕಾದ ಹೆಚ್ಚುವರಿ ನೀರು ಸುಮಾರು 400 ಗ್ರಾಂ, ಅರ್ಧ ಲೀಟರ್ ಕೂಡ ಅಲ್ಲ. ಸುಮ್ಮನೆ ಕೂತ ಮನುಷ್ಯ ಉಸಿರು ಮತ್ತು ಬೆವರಿನಲ್ಲಿ ಗಂಟೆಗೆ ಸರಿಸುಮಾರು 50 ಗ್ರಾಂ ನೀರು ಬಿಡುತ್ತಾನೆ. 60 ಜನ ಎಂದರೆ ಗಂಟೆಗೆ 3 ಲೀಟರ್. ಕಿಟಕಿ ಮುಚ್ಚಿದ್ದರೆ, ಗೋಡೆ ಮರಗಳು ಏನೂ ಹೀರದಿದ್ದರೆ, ಸ್ವಾಗತ ಭಾಷಣ ಮುಗಿಯುವ ಮೊದಲೇ, ಹತ್ತು ನಿಮಿಷದೊಳಗೆ, ಆ 400 ಗ್ರಾಂ ಸೇರಿಬಿಡುತ್ತದೆ. ನಿಜದಲ್ಲಿ ಸಂದುಗಳಿಂದ ಗಾಳಿ ಆಡುತ್ತದೆ, ಸುಣ್ಣದ ಗಿಲಾವು ಒಂದಿಷ್ಟು ಹೀರುತ್ತದೆ, ಹಾಗಾಗಿ ಇಷ್ಟು ಬೇಗ ಆಗದು. ಆದರೆ ದಿಕ್ಕು ಇದೇ.

ಇಲ್ಲಿ ಬಹುತೇಕರು ಎಡವುವ ಜಾಗವೊಂದಿದೆ. ಕಾರ್ಯಕ್ರಮ ನಡೆಯುವಾಗ ತೇವಾಂಶದ ಮೀಟರ್ ನೋಡಿದರೆ ಅಂಥ ಏರಿಕೆಯೇನೂ ಕಾಣಿಸದು. ಜನ ನೀರನ್ನಷ್ಟೇ ಅಲ್ಲ, ಶಾಖವನ್ನೂ ತರುತ್ತಾರೆ, ಬಿಸಿ ಗಾಳಿ ಹೆಚ್ಚು ನೀರು ಹಿಡಿಯಬಲ್ಲದು. ಕೋಣೆ 29 ಡಿಗ್ರಿಗೆ ಏರಿದರೆ, ಗಾಳಿಯಲ್ಲಿ ಘನ ಮೀಟರಿಗೆ 20 ಗ್ರಾಂ ನೀರಿದ್ದರೂ ಮೀಟರ್ ತೋರಿಸುವುದು ಶೇ. 70. ಏನೂ ತೊಂದರೆ ಆಗಲಿಲ್ಲವೆಂದು ಕಿಟಕಿ ಮುಚ್ಚಿ, ಬೀಗ ಹಾಕಿ ಎಲ್ಲರೂ ಮನೆಗೆ ಹೋಗುತ್ತಾರೆ. ರಾತ್ರಿ ಕೋಣೆ ಇಪ್ಪತ್ತನಾಲ್ಕೂವರೆ ಡಿಗ್ರಿಗೆ ತಣಿಯುತ್ತದೆ. ಅದೇ 20 ಗ್ರಾಂ ನೀರು ಈಗ ಶೇ. 89! ಗೋಡೆಯ ಉಪ್ಪು ಕರಗುವುದು ಸಭೆ ನಡೆಯುವಾಗಲ್ಲ, ಬೀಗ ಹಾಕಿದ ಮೇಲೆ. ಮರುದಿನ ಬೆಳಿಗ್ಗೆ ಕಿಟಕಿ ತೆರೆದು ಗಾಳಿ ಒಣಗಿದಾಗ ಹರಳುಗಟ್ಟುತ್ತದೆ. ಒಂದು ಸಂಜೆ, ಒಂದು ಸುತ್ತು.

ಹಾಗಾದರೆ ಮುಗಿದ ಕೂಡಲೇ ಕಿಟಕಿ ತೆರೆದಿಡಬೇಕೇ? ಹೊರಗಿನ ಮೀಟರ್ ಶೇ. 85 ತೋರಿಸುತ್ತಿದ್ದರೆ ಬೇಡವೆನ್ನಿಸುವುದು ಸಹಜ. ಆದರೆ ಹೊರಗೆ 22 ಡಿಗ್ರಿ ಇದ್ದು ಶೇ. 85 ಎಂದರೆ ಘನ ಮೀಟರಿಗೆ ಹದಿನಾರೂವರೆ ಗ್ರಾಂ ನೀರು. ಒಳಗಿನದು 20. ಅಂಕಿ ದೊಡ್ಡದಿದ್ದರೂ ಹೊರಗಿನ ಗಾಳಿಯೇ ಒಣ ಗಾಳಿ, ತೆರೆಯಿರಿ. ಹೊರಗೆ 26 ಡಿಗ್ರಿಯಲ್ಲಿ ಅದೇ ಶೇ. 85 ಎಂದರೆ 20ಕ್ಕಿಂತ ಹೆಚ್ಚು, ಮುಚ್ಚಿಡಿ. ಒಳಗಿನ ಹೊರಗಿನ ಶೇಕಡಾವಾರನ್ನು ನೇರವಾಗಿ ಹೋಲಿಸಬಾರದು. ಇಬ್ಬನಿ ಬಿಂದುವನ್ನು, ಎಂದರೆ ಗಾಳಿ ಎಷ್ಟಕ್ಕೆ ತಣಿದರೆ ಅದರ ನೀರು ಹನಿಗಟ್ಟುತ್ತದೋ ಆ ಉಷ್ಣತೆಯನ್ನು, ಹೋಲಿಸಬೇಕು. ಉಷ್ಣತೆ, ತೇವಾಂಶವನ್ನು ತಾವಾಗಿ ದಾಖಲಿಸುವ ಈಗಿನ ಬಹುತೇಕ ಡೇಟಾ ಲಾಗರ್‌ಗಳು ಅದನ್ನು ತಾವೇ ಲೆಕ್ಕ ಹಾಕಿ ತೋರಿಸುತ್ತವೆ. ಹೊರಗಿನ ಇಬ್ಬನಿ ಬಿಂದು ಒಳಗಿನದಕ್ಕಿಂತ ಎರಡು ಡಿಗ್ರಿಯಾದರೂ ಕಡಿಮೆಯಿದ್ದರೆ ಕಿಟಕಿ ತೆರೆ ಎಂಬ ಒಂದು ಸಾಲನ್ನು ಬೀಗದ ಕೈ ನೇತುಹಾಕುವ ಮೊಳೆಯ ಪಕ್ಕ ಅಂಟಿಸಿಟ್ಟರೆ ಸಾಕು.

ಲಾಗರ್ ಕನಿಷ್ಠ ಮೂರು ಬೇಕು. ಒಂದು ಕೋಣೆಯ ನಡುಭಾಗದ ಗಾಳಿಗೆ, ಒಂದು ಸಮುದ್ರದ ಕಡೆಯ ಗೋಡೆಗೆ ತಾಗಿದ ಬೀರುವಿನ ಹಿಂದೆ, ಒಂದು ಹೊರಗೆ ನೆರಳಿನಲ್ಲಿ. ಹದಿನೈದು ನಿಮಿಷಕ್ಕೊಮ್ಮೆ ದಾಖಲಾದರೆ ಸಾಕು. ಬೀರುವಿನ ಹಿಂದಿನದ್ದೇ ಮುಖ್ಯ, ಏಕೆಂದರೆ ಗಾಳಿಯಾಡದ ತಣ್ಣನೆಯ ಮೂಲೆಯಲ್ಲಿ ಬೂಸಲು ಮೊದಲು ಹಿಡಿಯುತ್ತದೆ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳಷ್ಟು ಈಚೆ ಎಳೆದಿಡಿ. ಮೀಟರ್ ಸರಿಯಿದೆಯೇ ಎಂದು ನೋಡುವ ಉಪಾಯವೂ ಅದೇ ಉಪ್ಪಿನಲ್ಲಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಹಾಕಿ. ಪೂರ್ತಿ ಕರಗಬಾರದು. ಅದನ್ನೂ ಲಾಗರನ್ನೂ ಒಂದು ಗಾಳಿಯಾಡದ ಡಬ್ಬಿಯಲ್ಲಿ ಹನ್ನೆರಡು ಗಂಟೆ ಮುಚ್ಚಿಡಿ. ಲಾಗರ್ 75 ತೋರಿಸಬೇಕು. 81 ತೋರಿಸಿದರೆ ಆ ಆರನ್ನು ಮುಂದೆ ಕಳೆಯುತ್ತ ಓದಿ, ಅಥವಾ ಸಾಧನ ಬದಲಿಸಿ. ಉಪ್ಪುಗಾಳಿಯಲ್ಲಿ ಸೆನ್ಸರ್‌ಗಳು ದಾರಿ ತಪ್ಪುವುದು ಮಾಮೂಲು, ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡುವುದು ಲೇಸು.

ಗಾಳಿಯ ನೀರು ಹಿಂಡುವ ಯಂತ್ರ, ಡಿಹ್ಯೂಮಿಡಿಫೈಯರ್, ಇದೆಯಲ್ಲ ಎನ್ನುವವರಿಗೆ ಎರಡು ಮಾತು. ಡಬ್ಬದ ಮೇಲೆ ಬರೆದ "ದಿನಕ್ಕೆ 20 ಲೀಟರ್" ಎಂಬುದು ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ತೇವಾಂಶದಲ್ಲಿ ಅಳೆದದ್ದು. ತಣ್ಣಗಿನ ರಾತ್ರಿಯಲ್ಲಿ ಅಷ್ಟು ಸಿಗುವುದಿಲ್ಲ. ಮತ್ತೆ, ಬಕೆಟ್ ತುಂಬಿದರೆ ಯಂತ್ರ ತಾನಾಗಿ ನಿಲ್ಲುತ್ತದೆ, ಅದು ತುಂಬುವುದು ಯಾರೂ ಇಲ್ಲದ ನಡುರಾತ್ರಿಯಲ್ಲೇ. ಪೈಪ್ ಹಾಕಿ ನೀರನ್ನು ಹೊರಗೆ ಬಿಡಿ.

ಇನ್ನು ನೆಲ. ಹಳೇ ಮನೆಯ ಮಹಡಿಯ ಮರದ ನೆಲ ವಾಸಕ್ಕೆಂದು ಮಾಡಿದ್ದು. ಇವತ್ತಿನ ಲೆಕ್ಕದಲ್ಲಿ ವಾಸದ ಮನೆಗೆ ಚದರ ಮೀಟರಿಗೆ 150ರಿಂದ 200 ಕೆಜಿ, ಜನ ಸೇರುವ ಸಭಾಂಗಣಕ್ಕೆ 400ರಿಂದ 500 ಕೆಜಿ ಭಾರ ಹಿಡಿದು ವಿನ್ಯಾಸ ಮಾಡುತ್ತಾರೆ. 48 ಚದರ ಮೀಟರಿನ ಕೋಣೆಯಲ್ಲಿ 60 ಜನ ಕುರ್ಚಿಯಲ್ಲಿ ಹರಡಿ ಕೂತರೆ ಚದರ ಮೀಟರಿಗೆ ನೂರು ಕೆಜಿಯೂ ಆಗದು. ಹೆದರಬೇಕಾದದ್ದು ವಿರಾಮಕ್ಕೆ. ಕಡಲ ಮನೆಯಲ್ಲಿ ವಿರಾಮ ಎಂದೊಡನೆ ಎಲ್ಲರೂ ನಡೆಯುವುದು ಕಡಲಿನ ಕಡೆಯ ಕಿಟಕಿಗೆ. ಚದರ ಮೀಟರಿಗೆ ನಾಲ್ಕು ಜನ ನಿಂತರೆ 280 ಕೆಜಿ. ತೊಲೆ, ಜಂತೆಗಳ ತುದಿ ಹೂತಿರುವುದೂ ಅದೇ ಗೋಡೆಯಲ್ಲಿ. ಮಳೆಗಾಳಿ ಹೊಡೆದು ಹೊಡೆದು ಅತಿ ಹೆಚ್ಚು ತೇವ ಕುಡಿದಿರುವ ಗೋಡೆಯೂ ಅದೇ. ಮೇಲೆ ಪಾಲಿಶ್ ಮಿಂಚುತ್ತಿರುತ್ತದೆ, ಗೋಡೆಯೊಳಗಿನ ಒಂದು ಗೇಣು ತುದಿ ಹಿಟ್ಟಾಗಿರುತ್ತದೆ.

ಪರೀಕ್ಷೆಗೆ ದಬ್ಬಳ ಸಾಕು. ಗೋಡೆಗೆ ತಾಗುವ ಜಾಗದಲ್ಲಿ ತೊಲೆಯ ಕೆಳಮೈಗೂ ಪಕ್ಕಕ್ಕೂ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಎರಡು ಮೂರು ಮಿಲಿಮೀಟರಿಗೆ ನಿಲ್ಲುತ್ತದೆ. ಬೆಣ್ಣೆಗೆ ಇಳಿದಂತೆ ಇಳಿದರೆ ಆ ಕೋಣೆಯ ಕಾರ್ಯಕ್ರಮಗಳನ್ನು ನಿಲ್ಲಿಸಿ ಎಂಜಿನಿಯರನ್ನು ಕರೆಸಿ. ಮರದ ತೇವ ಅಳೆಯುವ ಎರಡು ಸೂಜಿಯ ಮಾಯಿಶ್ಚರ್ ಮೀಟರನ್ನು ಇಲ್ಲಿ ಪೂರ್ತಿ ನಂಬಬೇಡಿ. ಅದು ಅಳೆಯುವುದು ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಉಪ್ಪು ಇದ್ದಲ್ಲಿ ಸುಲಭವಾಗಿಯೇ ಹರಿಯುತ್ತದೆ. ಮರದಲ್ಲಿ ತೇವ ಶೇ. 20 ದಾಟಿದರೆ ಕೊಳೆಯುವ ಭಯ ಎಂಬುದು ಪುಸ್ತಕದ ಮಾತು. ಉಪ್ಪು ತಿಂದ ಮರ ಒಣಗಿದ್ದರೂ 30 ತೋರಿಸಬಹುದು. ನಿಜ ಬೇಕಿದ್ದರೆ ಚೂರು ಮರ ತೆಗೆದು ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಿ. ಎಂಜಿನಿಯರ್ ಬರುವವರೆಗೆ ಅಗ್ಗದ ಉಪಾಯ: ಕಡಲ ಕಡೆಯ ಕಿಟಕಿಯ ಮುಂದೆ ಉದ್ದನೆಯ ಪ್ರದರ್ಶನ ಮೇಜು ಇಟ್ಟು ಜನ ಗುಂಪುಗೂಡದ ಹಾಗೆ ಮಾಡುವುದು, ಕಾಫಿಯನ್ನು ಕೆಳಗೆ ಅಂಗಳದಲ್ಲಿ ಕೊಡುವುದು. ಮಹಡಿಯಲ್ಲಿ ಕುಣಿತ ಮಾತ್ರ ಬೇಡವೇ ಬೇಡ. ತಾಳಕ್ಕೆ ಸರಿಯಾಗಿ ಐವತ್ತು ಕಾಲು ಒಟ್ಟಿಗೆ ಬಿದ್ದರೆ ನಿಂತ ಭಾರದ ಲೆಕ್ಕ ಉಪಯೋಗಕ್ಕೆ ಬಾರದು.

ಜನ ತರುವ ಮೂರನೆಯ ವಸ್ತು ಮರಳು. ಅದರ ಸ್ಫಟಿಕ ಉಕ್ಕಿನ ಚಾಕುವಿಗಿಂತ ಗಡಸು. ಕಾಲಡಿಯಲ್ಲಿ ಸಿಕ್ಕಿದರೆ ಮೇಣದ ಪಾಲಿಶನ್ನು ಉಜ್ಜುಕಾಗದದಂತೆ ಕೆರೆಯುತ್ತದೆ. ಬಾಗಿಲಲ್ಲಿ ಒಂದು ಪುಟ್ಟ ಕಾಲೊರಸು ಇಟ್ಟರೆ ಜನ ಅದನ್ನು ದಾಟಿಯೇ ಹೋಗುತ್ತಾರೆ. ಆರು ಹೆಜ್ಜೆಗಳಷ್ಟು ಉದ್ದದ ಚಾಪೆ ಬೇಕು, ಪ್ರತಿ ಪಾದವೂ ಮೂರು ಸಲ ಬೀಳುವಂತೆ. ಚಾಪೆ ತೆಗೆಯುವಾಗ ಎಳೆಯಬಾರದು, ಸುರುಳಿ ಸುತ್ತಿ ಎತ್ತಬೇಕು. ಎಳೆದರೆ ಹಿಡಿದ ಮರಳಷ್ಟೂ ಒಂದೇ ಗೀಟಿನಲ್ಲಿ ನೆಲದ ಮೇಲೆ. ಬಟ್ಟೆಯಿಂದ ಉದುರುವ ನಾರಿನ ಧೂಳು ಬೇರೆ. ಅದು ಓಡಾಡುವ ದಾರಿಯ ಹತ್ತಿರವೇ ಹೆಚ್ಚು ಬೀಳುತ್ತದೆ, ಜನರನ್ನು ತಡೆಯುವ ಹಗ್ಗವನ್ನು ವಸ್ತುಗಳಿಂದ ಇನ್ನೊಂದು ಮೀಟರ್ ಹಿಂದಕ್ಕೆ ಸರಿಸಿದರೆ ಗಣನೀಯವಾಗಿ ಇಳಿಯುತ್ತದೆ. ತೇವದಲ್ಲಿ ಬಿಟ್ಟ ಧೂಳು ಮೇಲ್ಮೈಗೆ ಅಂಟಿ ಗಟ್ಟಿಯಾಗುವುದರಿಂದ ಒರೆಸುವುದನ್ನು ಮುಂದಿನ ವಾರಕ್ಕೆ ಹಾಕಬೇಡಿ.

ಉಳಿದ ಅವಾಂತರಗಳು ಚಿಕ್ಕವು, ಆದರೆ ಪ್ರತಿ ಸಲವೂ ಆಗುವಂಥವು. ವೈರ್ ಅಂಟಿಸಿದ ಟೇಪು ಕಿತ್ತಾಗ ಹಳೇ ಬಣ್ಣವೂ ಬರುತ್ತದೆ. ಲಿಲ್ಲಿ ಹೂವಿನ ಪರಾಗ ಬಟ್ಟೆಗೆ ತಾಗಿದರೆ ಹೋಗದು. ಬಣ್ಣದ ಕಾಗದದ ಚೂರು ತೇವದಲ್ಲಿ ಬಣ್ಣ ಬಿಡುತ್ತದೆ. ಮೇಣದಬತ್ತಿಯ ಮಸಿ ಚಾವಣಿಯ ತಣ್ಣನೆಯ ಗೆರೆಗಳಲ್ಲಿ ಕೂತು ಜಂತೆಗಳ ನಕ್ಷೆ ಬರೆಯುತ್ತದೆ. ಅತಿ ಅಪಾಯದ್ದು ಇನ್ನೊಂದು: ವೇದಿಕೆಯ ಹೊಗೆ ಯಂತ್ರಕ್ಕಾಗಿ ಬೆಂಕಿಯ ಅಲಾರಂ ಆಫ್ ಮಾಡುತ್ತಾರೆ, ಮತ್ತೆ ಆನ್ ಮಾಡುವುದು ಯಾರ ಕೆಲಸವೂ ಅಲ್ಲ. ಆ ಯಂತ್ರವನ್ನೇ ಒಳಗೆ ಬಿಡದಿದ್ದರೆ ತಲೆನೋವು ತಪ್ಪಿತು.

ಇಷ್ಟೆಲ್ಲ ಓದಿದವರಿಗೆ ಬಾಗಿಲು ಹಾಕುವುದೇ ಮೇಲು ಅನ್ನಿಸಬಹುದು. ಫ್ರಾನ್ಸಿನ ಮೆಡಿಟರೇನಿಯನ್ ದಂಡೆಯಲ್ಲಿರುವ ಇ-1027 ಎಂಬ ಮನೆಯನ್ನು ನೋಡಿ. ವಾಸ್ತುಶಿಲ್ಪಿ ಐಲೀನ್ ಗ್ರೇ ಅದನ್ನು 1926ರಿಂದ 1929ರ ನಡುವೆ ಕಟ್ಟಿಸಿದರು. 20ನೇ ಶತಮಾನದ ಕೊನೆಯ ಹೊತ್ತಿಗೆ ಯಾರೂ ನೋಡಿಕೊಳ್ಳದೆ ಅದು ಪಾಳುಬಿದ್ದಿತ್ತು. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಉಪ್ಪು ತಲುಪಿದರೆ ತುಕ್ಕು ಹುಟ್ಟುತ್ತದೆ, ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ವರ್ಷಗಟ್ಟಲೆ ದುರಸ್ತಿಯಾದ ಮೇಲೆ 2021ರಲ್ಲಿ ಅದು ಮತ್ತೆ ಜನರಿಗೆ ತೆರೆಯಿತು. ಜನ ಬಾರದ ಮನೆಯಲ್ಲಿ ಯಾರ ಕಣ್ಣೂ ಇರುವುದಿಲ್ಲ, ಮೊದಲ ಬಿರುಕನ್ನು ಕಾಣಲು ಒಂದು ಕಣ್ಣು ಬೇಕು.

ಅಮೆರಿಕದ ಸೇಲಂ ಬಂದರಿನ ಅಂಚಿನ ಏಳು ಗೇಬಲ್‌ಗಳ ಮನೆ ಇನ್ನೊಂದು ದಾರಿ ಹಿಡಿಯಿತು. ಗೇಬಲ್ ಎಂದರೆ ಇಳಿಜಾರು ಮಾಡಿನ ತ್ರಿಕೋನ ಮುಖ. 1668ರಲ್ಲಿ ವರ್ತಕ ಜಾನ್ ಟರ್ನರ್ ಕಟ್ಟಿಸಿದ್ದು. ಕ್ಯಾರೊಲಿನ್ ಎಮರ್ಟನ್ 1908ರಲ್ಲಿ ಕೊಂಡು, ದುರಸ್ತಿ ಮಾಡಿಸಿ, 1910ರಲ್ಲಿ ಮ್ಯೂಸಿಯಂ ಮಾಡಿದರು. ಉದ್ದೇಶ ನೆರೆಹೊರೆಗೆ ಬಂದು ನೆಲೆಸುತ್ತಿದ್ದ ವಲಸಿಗ ಕುಟುಂಬಗಳ ಕಲಿಕೆಗೆ, ಸೇವಾ ಕೆಲಸಕ್ಕೆ ಪ್ರವಾಸಿಗರ ಟಿಕೆಟ್ ಹಣ ಒದಗಿಸುವುದು. ಸಮುದಾಯದ ಕೆಲಸ ಮನೆಯ ಮೇಲೆ ಹೇರಿದ ಹೊರೆಯಾಗಿರಲಿಲ್ಲ, ಮನೆಯನ್ನು ಉಳಿಸಲು ಅದೇ ಕಾರಣವಾಗಿತ್ತು.

ಒಳಗೆ ಅರವತ್ತು ಜನ ಕೂರುವ ಸಂಜೆಗಿಂತ ಹೊರಗೆ ಅರವತ್ತು ಜನ ಕೆಲಸ ಮಾಡುವ ಬೆಳಗು ಮನೆಗೆ ಹೆಚ್ಚು ಲಾಭ. ಮಳೆಗಾಲ ಮುಗಿದ ಮೇಲಿನ ತೊಳೆಯುವ ದಿನವನ್ನೇ ತೆಗೆದುಕೊಳ್ಳಿ. ಸರಳು, ಕೀಲು, ಚಿಲಕಗಳನ್ನು ಸಿಹಿನೀರಿನಲ್ಲಿ ತೊಳೆದು ಒರೆಸುವುದು. ಎಲ್ಲಕ್ಕಿಂತ ಹೆಚ್ಚು ತುಕ್ಕು ಹಿಡಿಯುವುದು ಮಳೆಗೆ ತೋಯುವ ಕಬ್ಬಿಣವೆಂದು ಜನ ತಿಳಿದಿರುತ್ತಾರೆ. ಮಾಡಿನ ಅಡಿಯ, ಮಳೆ ತಾಗದ ಸರಳನ್ನು ಮುಟ್ಟಿಸಿ ತೋರಿಸಿ. ಅಲ್ಲಿ ಉಪ್ಪನ್ನು ತೊಳೆಯಲು ಮಳೆಯೇ ಬರುವುದಿಲ್ಲ, ಅದಕ್ಕೇ ಅಲ್ಲಿ ಹೆಚ್ಚು.

ಗೋಡೆಯ ಬಿಳಿ ಹುಡಿ ತೆಗೆಯುವುದು ಮಾತ್ರ ಒಣಗಿದಂತೆಯೇ ಆಗಬೇಕು. ಮೆತ್ತನೆಯ ಬ್ರಷ್, ಕೆಳಗೆ ಒಂದು ತಟ್ಟೆ. ನೀರು ತಾಗಿಸಿದರೆ ಹೊರಬಂದ ಉಪ್ಪು ಮತ್ತೆ ಒಳಗೆ. ತಟ್ಟೆಯಲ್ಲಿ ಬಿದ್ದದ್ದನ್ನು ತೂಗಿ, ಗೋಡೆಯ ಹೆಸರು, ತಾರೀಕು ಸಹಿತ ಬರೆದಿಡಿ. ಯಾವ ಗೋಡೆಗೆ ಬಲಿ ಗಿಲಾವು ಬೇಕೆಂದು ಎರಡು ವರ್ಷದ ಈ ಪಟ್ಟಿಯೇ ಹೇಳುತ್ತದೆ. ಬಲಿ ಗಿಲಾವು ಎಂದರೆ ಉಪ್ಪು ತಿನ್ನಲೆಂದೇ ಹಚ್ಚುವ ಮೆದು ಸುಣ್ಣದ ಗಾರೆ. ಕಲ್ಲಿನ ಬದಲು ಅದು ಸಾಯುತ್ತದೆ, ಕೆಲವು ವರ್ಷಕ್ಕೆ ಕಿತ್ತು ಬೇರೆ ಹಚ್ಚಬೇಕು. ಸಿಮೆಂಟ್ ಹಚ್ಚಿದರೆ ಗಿಲಾವು ಗಟ್ಟಿಯಾಗಿ ಉಳಿಯುತ್ತದೆ, ಹಿಂದಿನ ಕಲ್ಲು ಕರಗುತ್ತದೆ.

ಗಾರೆ ಕಲಿಸುವ ಕಮ್ಮಟಕ್ಕೆ ಹದ ಇದು: ಒಂದು ಬಕೆಟ್ ಕೊಳೆಸಿದ ಸುಣ್ಣ, ಮೂರು ಬಕೆಟ್ ಒರಟು ಮರಳು. ಕಡಲ ಮರಳು ಮನೆಯ ಮುಂದೆಯೇ ರಾಶಿ ಬಿದ್ದಿದ್ದರೂ ಮುಟ್ಟಬೇಡಿ. ನೀರು ಸೇರಿಸುವ ಆಸೆಯನ್ನು ತಡೆದುಕೊಂಡು ಕುಟ್ಟಿ ಕುಟ್ಟಿ ಕಲಸಿದರೆ ಸುಣ್ಣದಲ್ಲಿರುವ ನೀರೇ ಸಾಕಾಗುತ್ತದೆ. ಒಂದು ಪದರ ಹತ್ತು ಮಿಲಿಮೀಟರ್ ಮೀರಬಾರದು. ಒದ್ದೆ ಗೋಣಿ ಇಳಿಬಿಟ್ಟು ಐದಾರು ದಿನ ನೆರಳು ಕೊಡಿ. ಕಡಲ ಗಾಳಿಗೆ ಬೇಗ ಒಣಗಿದರೆ ಬೆರಳಲ್ಲಿ ಉಜ್ಜಿದಾಗ ಸೀಮೆಸುಣ್ಣದಂತೆ ಬರುತ್ತದೆ, ಅಷ್ಟೂ ಕೆಲಸ ವ್ಯರ್ಥ. ಸುಣ್ಣ ಗಟ್ಟಿಯಾಗುವುದು ತಿಂಗಳಿಗೆ ಮಿಲಿಮೀಟರ್ ಲೆಕ್ಕದಲ್ಲಿ, ಅವಸರಕ್ಕೆ ಅಲ್ಲಿ ಜಾಗವಿಲ್ಲ. ಕನ್ನಡಕ, ಕೈಗವಸು ಕಡ್ಡಾಯ, ಕಣ್ಣಿಗೆ ಬಿದ್ದರೆ ಇಪ್ಪತ್ತು ನಿಮಿಷ ಸಿಹಿನೀರಲ್ಲಿ ತೊಳೆಯುತ್ತ ಆಸ್ಪತ್ರೆಗೆ ಸಿದ್ಧತೆ. ಮಕ್ಕಳಿಗೆ ಮರಳು ಜರಡಿ ಹಿಡಿಯುವ ಕೆಲಸ ಕೊಡಿ.

ಹಳೇ ಫೋಟೋ ತರುವ ದಿನವೂ ಹೀಗೆಯೇ. ಜನ ತರುವುದು ತಮ್ಮ ಅಜ್ಜಿಯ ಚಿತ್ರ. ಮ್ಯೂಸಿಯಂಗೆ ಬೇಕಾದದ್ದು ಅಜ್ಜಿಯ ಹಿಂದಿನ ಕಿಟಕಿ: ಕದದ ಪಟ್ಟಿಗಳೆಷ್ಟು, ಜಗಲಿಗೆ ಕಟಕಟೆ ಇತ್ತೇ, ನೆಲಮಟ್ಟದಿಂದ ಮೆಟ್ಟಿಲೆಷ್ಟು. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಒಪ್ಪಿಗೆ ಸಹಿ ಹಾಕಿಸಿ, ಫೋಟೋವನ್ನು ಅದೇ ದಿನ ಕೈಗೆ ಕೊಟ್ಟುಬಿಡಿ. "ನಿಮ್ಮಲ್ಲೇ ಇರಲಿ" ಎಂದು ಬಿಟ್ಟುಹೋದ ಪೆಟ್ಟಿಗೆಗಳು ಮುಂದೆ ಯಾರದೆಂದು ತಿಳಿಯದ ತಲೆಬಿಸಿಯಾಗುತ್ತವೆ.

ಬಿರುಗಾಳಿಯ ಅಣಕು ಅಭ್ಯಾಸವನ್ನು ವರ್ಷಕ್ಕೊಮ್ಮೆ ಇಟ್ಟುಕೊಳ್ಳಿ. ಮೊದಲು ಹೊರಬರಬೇಕಾದ ಹತ್ತು ವಸ್ತು, ಪ್ರತಿಯೊಂದಕ್ಕೂ ಇಬ್ಬರ ಹೆಸರು, ಯಾವ ಬಾಗಿಲು, ಎಲ್ಲಿಗೆ. ಓಡಿಸಿ ನೋಡಿದರೆ ದೊಡ್ಡ ಪೆಟಾರಿ ಆ ಬಾಗಿಲಲ್ಲಿ ತೂರುವುದಿಲ್ಲ ಎಂಬಂಥವು ಆಗಲೇ ಗೊತ್ತಾಗುತ್ತವೆ. ಕಡಲ ನೀರಿನಲ್ಲಿ ನೆಂದ ಗಟ್ಟಿ ಬಟ್ಟೆಯನ್ನು ಒಣಗಿಸುವ ಮೊದಲು ಸಿಹಿನೀರಿನಲ್ಲಿ ಜಾಲಿಸಬೇಕು, ಬಣ್ಣ ಬಿಡುವಂಥದ್ದಾದರೆ ಪರಿಣತರನ್ನು ಕೇಳಿ. ನೆಂದ ಕಾಗದಕ್ಕೆ ಬೂಸಲು ಬರಲು 48 ಗಂಟೆ ಸಾಕು. ಅಷ್ಟರಲ್ಲಿ ಒಣಗಿಸಲಾಗದಿದ್ದರೆ ಫ್ರೀಜರಿಗೆ ಹಾಕಿ, ಸಮಯ ಸಿಗುತ್ತದೆ. ನೆಲಮಾಳಿಗೆಯ ನೀರನ್ನು ಒಂದೇ ಸಲ ಪಂಪ್ ಮಾಡಬೇಡಿ. ಹೊರಗಿನ ನೆನೆದ ಮಣ್ಣಿನ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯಬಹುದು. ದಿನಕ್ಕೆ ಮೂರನೇ ಒಂದರಷ್ಟು ಇಳಿಸುತ್ತ ಗೋಡೆಯ ಮೇಲೆ ಕಣ್ಣಿಡಿ.

ಇನ್ನು ಒಳಗಿನ ಸಂಜೆಗಳು. ಪೂರ್ತಿ ಬಿಡಬೇಕಿಲ್ಲ. ಮುಕ್ಕಾಲು ಗಂಟೆ ಸಂಗೀತ, ಆಮೇಲೆ ಎಲ್ಲರೂ ಅಂಗಳಕ್ಕೆ. ಅರವತ್ತರ ಬದಲು ಮೂವತ್ತು ಜನ, ಎರಡು ಸರದಿ. ಮುಗಿದ ಮೇಲೆ ಬೀಗ ಹಾಕುವವರು ಒಬ್ಬರೇ, ಅವರ ಹೆಸರು ಮೊದಲೇ ಬರೆದಿರಬೇಕು. ಅವರು ಎರಡು ಗಂಟೆ ಉಳಿದು, ಇಬ್ಬನಿ ಬಿಂದು ನೋಡಿ, ಕಿಟಕಿ ತೆರೆಯುವುದೋ ಯಂತ್ರ ಹಾಕುವುದೋ ತೀರ್ಮಾನಿಸಿ, ಅಲಾರಂ ದೀಪ ಹಸಿರಾಗಿದೆಯೆಂದು ಖಾತ್ರಿ ಮಾಡಿಕೊಂಡು ಹೊರಡುತ್ತಾರೆ. ಬೆಳಿಗ್ಗೆ ಲಾಗರ್‌ನ ಗೆರೆ 75ನ್ನು ಮುಟ್ಟಿತೇ, ಮುಟ್ಟಿದ್ದರೆ ಎಷ್ಟು ಹೊತ್ತಿಗೆ ಎಂದು ಪುಸ್ತಕದಲ್ಲಿ ಒಂದು ಸಾಲು. ಆಮೇಲೆ ಕಡಲ ಕಡೆಯ ಗೋಡೆಗೆ ಟಾರ್ಚನ್ನು ಒತ್ತಿಹಿಡಿದು ಬೆಳಕನ್ನು ಅಡ್ಡಡ್ಡ ಹಾಯಿಸಿ. ನೇರ ಬೆಳಕಿನಲ್ಲಿ ನುಣ್ಣಗೆ ಕಾಣುವ ಸುಣ್ಣದ ಮೇಲೆ, ಕಿಟಕಿಯ ಕೆಳಮೂಲೆಯಲ್ಲಿ, ಬೆಕ್ಕಿನ ಮೀಸೆಯಂಥ ಸಣ್ಣ ಬಿಳಿ ಎಳೆಗಳು ನಿಂತಿದ್ದರೆ ಬ್ರಷ್ಷು, ತಟ್ಟೆ ತನ್ನಿ.